ಮಜ್ಜಿಗೆಹುಲ್ಲು ಮೂಸುವವನು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಅಡುಗೆ ಮಾಡುತ್ತಿದ್ದವನಿಗೆ ಜ್ವರ ಬಂದು ಹೋಯಿತು. ಹೋಗುವಾಗ ಸುಮ್ಮನೆ ಹೋಯಿತೇ, ಮೂಗನ್ನೇ ಕೆಡಿಸಿ ಹೋಯಿತು. ಯಾವ ವಾಸನೆಯೂ ಇಲ್ಲ. "ಮೂಗು ಸರಿಯಾದ ದಿನ ಬಾ, ನಿನ್ನ ಸೌಟು ಇಲ್ಲೇ ಇರುತ್ತೆ" ಎಂದಿದ್ದ ಮ್ಯಾನೇಜರ್. ಎಂಟು ತಿಂಗಳಾಯಿತು. ಮೊದಮೊದಲು ಅಡುಗೆಯವನಿಗೆ ಸಿಟ್ಟಾದರೂ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಉಂಡರೂ ಅಷ್ಟೇ, ಬಿಟ್ಟರೂ ಅಷ್ಟೇ.

"ಇಷ್ಟದ ವಾಸನೆ ಒಂದನ್ನ ದಿನಾ ಮೂಸಿ, ಬಂದರೆ ಮೊದಲು ಅದೇ ಬರಬಹುದು" ಎಂದಿದ್ದರು ಡಾಕ್ಟರು. ಅದಕ್ಕೇ ದಿನಾ ಬೆಳಿಗ್ಗೆ ಹಿತ್ತಲಿನ ನಲ್ಲಿಯ ಪಕ್ಕದ ಮಜ್ಜಿಗೆಹುಲ್ಲಿನ ಗರಿಯೊಂದನ್ನು ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿಯುತ್ತಿದ್ದ. ನಿಂಬೆಹಣ್ಣಿನಂಥ ಆ ಘಾಟು ಸತ್ತವರನ್ನೂ ಎಬ್ಬಿಸುವಂಥದ್ದು. ಏನೂ ಬರುತ್ತಿರಲಿಲ್ಲ. ಸರಿ, ಅದೇ ಗರಿಯನ್ನು ಗಂಟು ಹಾಕಿ ಟೀ ನೀರಿನಲ್ಲಿ ಕುದಿಸಿ ಹೆಂಡತಿಗೊಂದು ಲೋಟ ಕೊಡುತ್ತಿದ್ದ. "ಘಮಘಮ ಅಂತಿದೆ ರೀ" ಎನ್ನುತ್ತಿದ್ದಳು ಅವಳು.

ಭಾನುವಾರ ನಾದಿನಿ ಬಂದಳು. ಸಸಿ ಮಾರುವ ನರ್ಸರಿಯಲ್ಲಿ ಅವಳ ಕೆಲಸ, ಬಾಯಿಗೆ ಬೀಗವಿಲ್ಲ. ಟೀ ಒಂದು ಗುಟುಕು ಕುಡಿದವಳೇ ಹಿತ್ತಲಿಗೆ ಹೋಗಿ ಹುಲ್ಲಿನ ಬುಡ ಕೆದಕಿದಳು.

"ಅಯ್ಯೋ ಭಾವ, ದನ ಮೇಯೋ ಹುಲ್ಲಲ್ಲಿ ಟೀ ಕಾಯಿಸ್ತಿದ್ದೀರಲ್ಲ! ಮಜ್ಜಿಗೆಹುಲ್ಲು ಯಾವಾಗಲೋ ಸತ್ತಿದೆ. ಬುಡಸಮೇತ ಕೊಯ್ದ ಮಹಾನುಭಾವರು ಯಾರು?"

ಅವನೇ, ಜ್ವರ ಬರುವ ಮೊದಲು ಅಡುಗೆಗೆಂದು. ರುಚಿಯೆಲ್ಲ ಬುಡದ ಬಿಳಿ ಭಾಗದಲ್ಲಿ ಎನ್ನುವುದು ಅಡುಗೆಯವರ ಬುದ್ಧಿ. ನಾಲ್ಕು ಬೆರಳು ಬಿಟ್ಟು ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ ಎನ್ನುವುದು ತೋಟದವರ ಬುದ್ಧಿ. ಸತ್ತ ಜಾಗದಲ್ಲಿ ಕಾಡುಹುಲ್ಲು ಎದ್ದಿತ್ತು, ನೋಡಲು ಥೇಟ್ ಅದೇ.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಆರು ತಿಂಗಳಿಂದ." ಅವಳು ತಲೆ ಎತ್ತಲಿಲ್ಲ. "ಹುಲ್ಲೇ ಬೇರೆ, ಅದಕ್ಕೇ ವಾಸನೆ ಬರ್ತಿಲ್ಲ ಅಂತ ನನಗೊಂದು ಧೈರ್ಯ ಇತ್ತು ರೀ. ನಿಜವಾದದ್ದು ತಂದು, ಅದೂ ಬರದೇ ಹೋದ್ರೆ ಆಮೇಲೆ ನಾನೇನ್ ಮಾಡ್ಲಿ?"

ನಾದಿನಿಯ ನಗು ನಿಂತಿತು. ಸ್ಕೂಟರ್ ಹತ್ತಿ ಹೋದವಳು ಅರ್ಧ ಗಂಟೆಯಲ್ಲಿ ನರ್ಸರಿಯಿಂದ ಒಂದು ಹಿಡಿ ನಿಜವಾದ ಮಜ್ಜಿಗೆಹುಲ್ಲು ತಂದಳು. ಅವನು ಒಂದು ಗರಿ ಮುರಿದು ಉಜ್ಜಿದ. ಘಾಟು ಜೋರಾಗಿಯೇ ಇದ್ದಿರಬೇಕು, ನಾದಿನಿ ಸೀನಿದಳು. ಅವನು ಎರಡು ಸಲ ಉಸಿರೆಳೆದುಕೊಂಡ. ಬರೀ ಗಾಳಿ. ದುಃಖವೂ ಆಗಲಿಲ್ಲ. ತಲೆ ಎತ್ತಿದರೆ ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಬಂತು ಕಣೇ" ಎಂದ.

"ನಿಜವಾಗ್ಲೂ?"

"ಹೂಂ."

ಅವಳು ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತು ಹೋ ಎಂದು ಅತ್ತಳು. ಅತ್ತು ಮುಗಿಯುವ ಮೊದಲೇ ಫೋನ್ ಕೈಗೆತ್ತಿಕೊಂಡಳು. "ಮ್ಯಾನೇಜರ್‌ಗೆ ನಾನೇ ಹೇಳ್ತೀನಿ ರೀ. ನಾಳೆಯಿಂದಲೇ ಬರ್ತಾರೆ ಅನ್ಲಾ?"

ಮುನ್ನೂರು ಜನದ ಊಟ. ಎಣ್ಣೆ ಕಮಟಾಗಿದ್ದರೆ? ತಳ ಹಿಡಿದರೆ? ಗ್ಯಾಸ್ ಸೋರಿದರೆ? ಎಂಟು ತಿಂಗಳಲ್ಲಿ ಮೊದಲ ಸಲ ಅವನಿಗೆ ಭಯವಾಯಿತು.

"ಹೇಳು" ಎಂದ.