ಲೆಕ್ಕ ಹೊತ್ತ ಬಾತುಕೋಳಿಗಳು

ಪುಣೆಯ ಪಶ್ಚಿಮದ ಅಂಚಿನಲ್ಲಿ ಎತ್ತರದ ಕಟ್ಟಡಗಳು ಆಗಷ್ಟೇ ತಲೆಯೆತ್ತುತ್ತಿದ್ದ ಕಾಲದಲ್ಲಿ ಅಲ್ಲೊಂದು ತಗಡಿನ ಅರಮನೆಯಿತ್ತಂತೆ. ಅರಮನೆಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಕೆರೆ, ಕೆರೆಯ ತುಂಬ ಬಾತುಕೋಳಿಗಳು. ಮಾಟಗಾರನೊಬ್ಬ ಒಂದೊಂದರ ಬೆನ್ನ ಮೇಲೂ ಒಂದೊಂದು ಅಂಕಿ ಹೇರಿ ಅವನ್ನು ಸೆರೆಯಲ್ಲಿಟ್ಟಿದ್ದನಂತೆ. ಕೇಳಿದ ಲೆಕ್ಕಕ್ಕೆ ಸರಿಯಾದ ಉತ್ತರ ಹೊತ್ತ ಬಾತುಕೋಳಿಯನ್ನು ಯಾರು ಗುರುತಿಸುತ್ತಾರೋ, ಅವರಿಂದ ಅದಕ್ಕೆ ಬಿಡುಗಡೆಯಂತೆ.

ಮಕ್ಕಳಿಗೆ ಹೀಗೆ ಕಥೆ ಕಟ್ಟಿ ಹೇಳಿದವಳು ಭುವನೇಶ್ವರಿ. ಅಜ್ಜಿಯ ಪಕ್ಕ ಮಲಗಿ ಕಥೆ ಕೇಳುತ್ತಲೇ ದೊಡ್ಡವಳಾದ ಅವಳಿಗೆ ಯಾವುದನ್ನೂ ಇದ್ದದ್ದು ಇದ್ದ ಹಾಗೆ ಹೇಳುವುದು ಗೊತ್ತಿರಲಿಲ್ಲ. ಅರಮನೆಯೆಂದರೆ ವಾಕಡದ ಒಂದು ಕಟ್ಟಡದ ಕೆಲಸದ ಜಾಗದಲ್ಲಿ ಕೂಲಿಯವರ ಮಕ್ಕಳಿಗೆಂದು ಸಂಸ್ಥೆಯೊಂದು ನಡೆಸುತ್ತಿದ್ದ, ಅವಳು ಪಾಠ ಹೇಳುತ್ತಿದ್ದ ತಗಡಿನ ಶೆಡ್ಡು. ಪೆಟ್ಟಿಗೆಯೆಂದರೆ ಹಳೆಯ ಟೀವಿ ಮತ್ತು ಅವಳ ತಮ್ಮ ಮನೋಹರ ಆಡಿ ಆಡಿ ಬೇಸರ ಬಂದು ಬಿಟ್ಟಿದ್ದ ವಿಡಿಯೋ ಗೇಮು. ಬಾತುಕೋಳಿಗಳ ಕ್ಯಾಸೆಟ್ಟನ್ನು ಅವಳೇ ಹುಡುಕಿ ತಂದಿದ್ದಳು. ಮಕ್ಕಳೆಲ್ಲ ಯಾದಗಿರಿ, ಕಲಬುರ್ಗಿ ಕಡೆಯವರು. ಪಾಟಿಯ ಮೇಲೆ ಬರೆದ ಅಂಕಿ ಕಂಡರೆ ಆಕಳಿಸುತ್ತಿದ್ದವರು ಪರದೆಯ ಮೇಲಿನ ಅಂಕಿಗಾಗಿ ಜಗಳಾಡತೊಡಗಿದರು. ಎಲ್ಲರಿಗಿಂತ ಮುಂದೆ ಹನ್ನೊಂದು ವರ್ಷದ ರೇಣು. ಮೂರೇ ವಾರದಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಲೆಕ್ಕ ಸರಿ!

ಸಂಸ್ಥೆಯ ಪ್ರಫುಲ್ಲಾತಾಯಿ ಈ ಸುದ್ದಿ ಕೇಳಿ, ಅತಿಥಿಗಳನ್ನೂ ಪತ್ರಿಕೆಯವನೊಬ್ಬನನ್ನೂ ಕರೆತರುವುದಾಗಿ ಹೇಳಿದಳು. ಅವರು ಬರುವ ಹಿಂದಿನ ದಿನ ಆಟದ ನಡುವೆ ಟೀವಿಯ ಚಿತ್ರ ಹೋಗಿ ದನಿಯಷ್ಟೇ ಉಳಿಯಿತು. ಪರದೆ ಕಪ್ಪಗಾದರೂ ರೇಣು ರಿಮೋಟು ಬಿಡಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ ಒತ್ತಿದಳು. ಗೆಲುವಿನ ಪೀಪಿ ಊದಿತು. ಮತ್ತೆ ಒತ್ತಿದಳು, ಮತ್ತೆ ಊದಿತು. ಇಪ್ಪತ್ತು ಸಲ ಒಂದೂ ತಪ್ಪಲಿಲ್ಲ.

ಭುವನೇಶ್ವರಿ ಸೀಮೆಸುಣ್ಣ ಎತ್ತಿಕೊಂಡಳು. ಪಾಟಿಯ ಮೇಲೆ ಏಳು ಕೂಡಿಸು ಐದು ಎಂದು ಬರೆದು ತೋರಿಸಿದಳು.

"ಆಟದ ಮೊದಲ ಲೆಕ್ಕ ಇದು. ಎಷ್ಟು, ರೇಣು?"

"ಮ್ಯಾಲ ಎಡಕ್ಕ ಇರ್ತದಲ್ರಿ ಅಕ್ಕೋರ, ಆ ಬಾತುಕೋಳಿ."

ಆ ಅಗ್ಗದ ಕ್ಯಾಸೆಟ್ಟು ಯಾವಾಗ ಹಚ್ಚಿದರೂ ಅವೇ ಇಪ್ಪತ್ತು ಲೆಕ್ಕಗಳನ್ನು ಅದೇ ಸಾಲಿನಲ್ಲಿ ಕೇಳುತ್ತಿತ್ತು. ಹುಡುಗಿಗೆ ಬಾಯಿಪಾಠವಾಗಿದ್ದದ್ದು ಬಾತುಕೋಳಿಗಳ ಜಾಗ. ಅಂಕಿ ಅವಳಿಗೆ ಒಂದೂ ಬರುತ್ತಿರಲಿಲ್ಲ.

ಹೇಳಬೇಕಿತ್ತು. ಭುವನೇಶ್ವರಿ ಹೇಳಲಿಲ್ಲ. ಮರುದಿನ ಬೇರೆ ಟೀವಿ ಬಂತು, ಅತಿಥಿಗಳು ಬಂದರು, ರೇಣು ಆಡಿದಳು, ಚಪ್ಪಾಳೆ ಬಿತ್ತು. "ಅರೇ ವ್ಹಾ, ಕಿತೀ ಹುಶಾರ್!" ಎಂದು ಪ್ರಫುಲ್ಲಾತಾಯಿ ಹುಡುಗಿಯ ಕೆನ್ನೆ ಹಿಂಡಿ, ಅವಳ ತಾಯಿ ಸಕ್ಕುಬಾಯಿಯನ್ನು ಕೆಲಸದಿಂದ ಕರೆಸಿದಳು. ಮರಾಠಿಯಲ್ಲಿ ಹೊಗಳಿದ್ದನ್ನು ಕನ್ನಡದಲ್ಲಿ ತಿಳಿಸುವ ಕೆಲಸ ಭುವನೇಶ್ವರಿಯದೇ ಆಯಿತು.

"ನಿಮ್ಮ ಮಗಳಿಗೆ ಎಲ್ಲಾ ಅಂಕಿ ಬರ್ತಾವಂತ ಹೇಳ್ಲಿಕ್ಕತ್ತಾರ್ರಿ" ಎಂದಳು. ಹಾಗೆ ಹೇಳುವಾಗ ಅವಳ ಕಣ್ಣು ಸಕ್ಕುಬಾಯಿಯ ಸಿಮೆಂಟು ಮೆತ್ತಿದ ಕಾಲುಗಳ ಮೇಲಿತ್ತು.

ಸಕ್ಕುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮ ವಂಶದಾಗ ಇದ ಮೊದಲನೇದು ನೋಡ್ರಿ, ಅಕ್ಕೋರ."

ಹತ್ತು ದಿನ ಕಳೆದವು. ಊರಿನಿಂದ ಬರುತ್ತಿದ್ದ ಸಕ್ಕುಬಾಯಿಯ ಅತ್ತೆ ಸಾವಂತ್ರವ್ವನನ್ನು ಶಿವಾಜಿನಗರದ ಸ್ಟ್ಯಾಂಡಿನಿಂದ ಕರೆತರಬೇಕಿತ್ತು. ಅವತ್ತೇ ಕಟ್ಟಡದ ಕಾಂಕ್ರೀಟು ಸ್ಲ್ಯಾಬು. ಸ್ಲ್ಯಾಬು ಹಾಕುವ ದಿನ ಬುಟ್ಟಿ ಹೊರುವ ಸಾಲಿನಿಂದ ಯಾರೂ ಕದಲುವಂತಿಲ್ಲ, ಜ್ವರ ಬಂದರೂ ಸರಿ. ಹಿಂದೆ ಎರಡು ಸಲ ಬಸ್ಸಿನ ಅಂಕಿ ಓದಿ ಹತ್ತಿಸುವ ಆಳಿಗಾಗಿ ಪಕ್ಕದ ಶೆಡ್ಡಿನವರನ್ನು ಬೇಡಿಕೊಂಡಿದ್ದ ಸಕ್ಕುಬಾಯಿ ಈ ಸಲ ಯಾರನ್ನೂ ಬೇಡಲಿಲ್ಲ. ಅಂಕಿ ಬಲ್ಲ ಮಗಳಿದ್ದಳಲ್ಲ. ನೂರಾ ಹದಿನೆಂಟನೇ ಬಸ್ಸು ಎಂದು ಹೇಳಿ ರೇಣುವನ್ನು ಒಬ್ಬಳನ್ನೇ ಕಳಿಸಿದಳು.

ಮಧ್ಯಾಹ್ನವಾದರೂ ಹುಡುಗಿ ಬರಲಿಲ್ಲ. ಮುದುಕಿಯನ್ನು ಕೂಲಿಯವರ ಮೇಲ್ವಿಚಾರಕ ಮುಕಾದಮ ಭೀಮಣ್ಣ ಬೈಕಿನ ಮೇಲೆ ಕೂರಿಸಿಕೊಂಡು ತಂದ. ಹೊತ್ತು ಮುಳುಗುವ ಮುಂಚೆ ಬಸ್ಸಿನ ಕಂಡಕ್ಟರನೊಬ್ಬ ರೇಣುವಿನ ಕೈ ಹಿಡಿದು ತಂದು ಒಪ್ಪಿಸಿದ. ಬೇರೆಯೇ ದಿಕ್ಕಿನ ದೇಹೂ ರೋಡಿನ ಸ್ಟಾಪಿನಲ್ಲಿ, ಹೋಗುವ ಬರುವ ಮಿಲಿಟರಿ ಲಾರಿಗಳನ್ನು ನೋಡುತ್ತ ಅಳುತ್ತ ಕೂತಿದ್ದಳಂತೆ.

ಮರುದಿನ ಬೆಳಿಗ್ಗೆ ಸಕ್ಕುಬಾಯಿ ಮಗಳನ್ನು ಕರೆದುಕೊಂಡು ಶೆಡ್ಡಿಗೆ ಬಂದಳು. ಬೈಗುಳಕ್ಕೆ ತಲೆಯೊಡ್ಡಲು ಭುವನೇಶ್ವರಿ ಎದ್ದು ನಿಂತಳು.

"ನೀವೇನು ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದಳು ಸಕ್ಕುಬಾಯಿ. "ಕಂಡಕ್ಟರ್ ಎಲ್ಲಾ ಬಿಡಿಸಿ ಹೇಳ್ದ. ಬಸ್ಸಿನ ಮ್ಯಾಲ ಮರಾಠಿ ಅಂಕಿ ಇರ್ತಾವಂತ. ನೀವು ಕಲಿಸಿದ್ದು ಇಂಗ್ಲಿಷ್ ಅಂಕಿ. ಕೂಸಿಗೆ ಹ್ಯಾಂಗ ತಿಳೀಬೇಕು?"

ಒಳ್ಳೆಯ ಬಾಗಿಲೊಂದು ತೆರೆದಿತ್ತು. ಹೌದ್ರಿ ಎಂದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಭುವನೇಶ್ವರಿ ತಲೆಯಾಡಿಸಿಯೂಬಿಟ್ಟಳು.

ಆಗ ರೇಣು ನೆಲ ನೋಡುತ್ತ ಹೇಳಿದಳು. "ತಪ್ಪು ನಂದ ಅದ ಯವ್ವ. ಹೋದ ಸಲ ನಿನ್ನ ಕೂಡ ಹೋದಾಗ ಎರಡನೇ ಬಸ್ ಹತ್ತಿದ್ವಿ. ಅದಕ್ಕ ನಾ ಎರಡನೇದ ಹತ್ತಿದೆ. ಆಟದಾಗ ಎಂದೂ ತಪ್ಪಂಗಿಲ್ಲ, ಇಲ್ಲಿ ಹ್ಯಾಂಗ ತಪ್ತೋ ಏನೋ."

ಆ ಮಾತಿನ ಅರ್ಥ ಆ ಶೆಡ್ಡಿನಲ್ಲಿ ಭುವನೇಶ್ವರಿಯೊಬ್ಬಳಿಗೇ ತಿಳಿಯಿತು. ತಾನು ಮಾಡಿದ್ದನ್ನು ಆ ಕೂಸು ತನ್ನ ತಲೆಯ ಮೇಲೆ ಹೊತ್ತುಕೊಂಡು ನಿಂತಿತ್ತು.

"ತಪ್ಪು ಆಕಿದಲ್ರಿ, ಸಕ್ಕುಬಾಯಿ" ಎಂದಳು. ಮುಂದಿನ ಮಾತುಗಳಿಗೆ ಅಲಂಕಾರ ಹುಡುಕಿದಳು, ಸಿಗಲಿಲ್ಲ. "ರೇಣುಗ ಯಾವ ಅಂಕೀನೂ ಬರಂಗಿಲ್ಲ. ಯಾವ ಬಾತುಕೋಳಿ ಎಲ್ಲಿರ್ತದ ಅಂತ ನೆನಪಿಟ್ಟು ಆಡ್ತಾಳ. ಅದು ನನಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಎಲ್ಲಾರ ಮುಂದ ಬರ್ತದ ಅಂದೆ."

ಸಕ್ಕುಬಾಯಿ ಮೊದಲು ಮಗಳನ್ನು ನೋಡಿದಳು. ಆಮೇಲೆ ತಗಡಿಗೆ ಅಂಟಿಸಿದ್ದ ಪತ್ರಿಕೆಯ ತುಣುಕನ್ನು. ಅದರಲ್ಲಿ ರೇಣು ರಿಮೋಟು ಹಿಡಿದು ನಗುತ್ತಿದ್ದಳು.

"ಅಂದ್ರ ಅಷ್ಟು ಮಂದಿ ದೊಡ್ಡವ್ರು ಚಪ್ಪಾಳಿ ಬಡದದ್ದು ಬಾತುಕೋಳಿಗೇನ್ರಿ?"

ಭುವನೇಶ್ವರಿ ಹೌದೆಂದು ತಲೆಯಾಡಿಸಿದಳು.

"ನಮಗ ಓದಾಕ ಬರಂಗಿಲ್ರಿ. ನೀವು ಬಾಯಿಲೆ ಹೇಳಿದ್ದ ನಮಗ ಓದು." ಸಕ್ಕುಬಾಯಿಯ ದನಿ ಏರಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಭುವನೇಶ್ವರಿಗೆ. "ಈಗ ಕೇಳ್ರಿ. ನಮ್ಮತ್ತಿ ಒಂದು ತಿಂಗಳು ಇಲ್ಲೇ ಇರ್ತಾಳ. ಹೋಗುವಾಗ ಇದೇ ಹುಡುಗಿ ಆಕೀನ್ನ ಶಿವಾಜಿನಗರಕ್ಕ ಮುಟ್ಟಿಸಿ, ತಿರುಗಿ ಒಬ್ಬಾಕೀನ ಬರಬೇಕು. ಆಗ್ತದೇನು?"

"ಆಗ್ತದ್ರಿ. ಮಾತು ಕೊಡ್ತೀನಿ."

ಅವತ್ತೇ ಅವಳು ಪ್ರಫುಲ್ಲಾತಾಯಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ, ಪೇಪರಿನಲ್ಲಿ ಬಂದುಬಿಟ್ಟಿದೆಯಲ್ಲ ಎಂದಷ್ಟೇ ಕೇಳಿಸಿತು. ಪತ್ರಿಕೆಯ ತುಣುಕು ಕಿತ್ತರೂ ತಗಡಿನ ಮೇಲೆ ಅಂಟಿನ ಕಲೆ ಉಳಿಯಿತು. ಪ್ರತಿದಿನ ಪಾಠ ಮಾಡುವಾಗ ಅದು ಕಣ್ಣಿಗೆ ಬೀಳುತ್ತಿತ್ತು.

ಟೀವಿಯನ್ನು ಅವಳು ಮನೆಗೆ ಒಯ್ಯಲಿಲ್ಲ. ಆಟದ ನಿಯಮ ಬದಲಿಸಿದಳು. ರಿಮೋಟು ಹಿಡಿದವರು ಪರದೆಗೆ ಬೆನ್ನು ಹಾಕಿ ಕೂರಬೇಕು. ಇನ್ನೊಬ್ಬರು ಲೆಕ್ಕವನ್ನು ಓದಿ ಹೇಳಬೇಕು. ಉತ್ತರವನ್ನು ಪಾಟಿಯ ಮೇಲೆ ಬರೆದ ಮೇಲೆಯೇ ತಿರುಗಿ ಬಾತುಕೋಳಿ ಹುಡುಕಬೇಕು. ಸಾಲು ಬಾಯಿಪಾಠವಾಗದಿರಲೆಂದು ರಟ್ಟಿನಲ್ಲಿ ಐವತ್ತು ಬಾತುಕೋಳಿ ಕತ್ತರಿಸಿ, ಒಂದು ಬದಿಗೆ ಇಂಗ್ಲಿಷ್ ಅಂಕಿ, ಇನ್ನೊಂದು ಬದಿಗೆ ಮರಾಠಿ ಅಂಕಿ ಬರೆದಳು. ಇಸ್ಪೀಟಿನ ಎಲೆಗಳಂತೆ ದಿನಾ ಕಲಸಿ ನೆಲದ ಮೇಲೆ ಹರಡಿದಳು. ರೇಣು ಮೊದಲ ವಾರ ಪೂರ್ತಿ ಸೋತಳು, ಸೋತು ಅತ್ತಳು. "ಕಣ್ಣು ಮುಚ್ಚಿ ಗೆಲ್ತಿದ್ದಾಕಿ, ಕಣ್ಣು ತೆರೆದ ಮ್ಯಾಲ ಸೋತೇನ?" ಎಂದು ಸಾವಂತ್ರವ್ವ ಶೆಡ್ಡಿನ ಬಾಗಿಲಲ್ಲಿ ಕೂತು ಮೊಮ್ಮಗಳನ್ನು ಕಾಡಿಸುವಳು. ಆ ಮಾತು ಭುವನೇಶ್ವರಿಗೇ ಚುಚ್ಚುತ್ತಿತ್ತು. ಅವಳು ತಲೆ ತಗ್ಗಿಸಿ ಮತ್ತೆ ಬಾತುಕೋಳಿಗಳನ್ನು ಹರಡುತ್ತಿದ್ದಳು.

ತಿಂಗಳು ತುಂಬಿತು. ಬಸ್ ಸ್ಟಾಪಿನಲ್ಲಿ ಮುದುಕಿಯ ಗಂಟನ್ನು ರೇಣು ಹಿಡಿದಿದ್ದಳು. ಭುವನೇಶ್ವರಿ ಬಾಯಿ ಬಿಡಕೂಡದೆಂದು ಸಕ್ಕುಬಾಯಿ ಮೊದಲೇ ತಾಕೀತು ಮಾಡಿದ್ದಳು. ಮೊದಲ ಬಸ್ಸು ಬಂತು.

"ಹತ್ತೂಣೇನ?" ಮುದುಕಿ ಅವಸರ ಮಾಡಿದಳು.

"ನಮ್ದಲ್ಲ, ಆಯಿ. ಇದು ನೂರಾ ಎಂಬತ್ತೊಂದು."

ಎರಡನೆಯದು ಬಂತು. ರೇಣು ನೋಡಿ ತಲೆಯಲ್ಲಾಡಿಸಿದಳು. ಮೂರನೆಯದರ ಹಲಗೆಯನ್ನು ತುಟಿಯಾಡಿಸುತ್ತ ಓದಿದಳು, ಇನ್ನೊಮ್ಮೆ ಓದಿದಳು. ಕಂಡಕ್ಟರು "ಚಲಾ ಚಲಾ" ಎಂದು ಕೂಗುತ್ತಿದ್ದರೂ ಓದಿ ಮುಗಿಸಿಯೇ ಅಜ್ಜಿಯನ್ನು ಎಳೆದುಕೊಂಡು ಹತ್ತಿದಳು.

ಆಮೇಲೆ ಇಬ್ಬರು ಹೆಂಗಸರೂ ಕಾದರು. ಒಂದೇ ಕಟ್ಟೆ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ. ಸಕ್ಕುಬಾಯಿ ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು. ಪ್ರತಿ ಬಸ್ಸಿಗೂ ಭುವನೇಶ್ವರಿ ಎದ್ದು ನಿಂತು ಇಳಿದವರನ್ನು ನೋಡುತ್ತಿದ್ದಳು. ಬಿಸಿಲು ಅವರ ಕಾಲು ದಾಟಿ ರಸ್ತೆಗೆ ಸರಿಯಿತು.

ಮೂರು ಗಂಟೆಯ ಸುಮಾರಿಗೆ ನೂರಾ ಹದಿನೆಂಟು ಬಂದು ನಿಂತಿತು. ರೇಣು ಇಳಿದಳು, ಒಬ್ಬಳೇ.

"ಊರ ಬಸ್ಸಿನಾಗ ಆಯಿಗೆ ಖಿಡಕಿ ಬಾಜೂ ಸೀಟ್ ಸಿಕ್ತು, ಯವ್ವ" ಎಂದಳು.