ತೊಲೆ ಮುಟ್ಟದ ಏಟು

ನಾನು ಒಂದು ಚರ್ಮದ ಚೀಲ. ಸಂತೆಗೆ ಒಯ್ಯುವ ಚೀಲವಲ್ಲ, ಗುದ್ದಿಸಿಕೊಳ್ಳುವ ಚೀಲ. ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ವ್ಯಾಯಾಮಶಾಲೆಯಲ್ಲಿ ಸಾಗುವಾನಿ ತೊಲೆಗೆ ತೂಗುಬಿದ್ದು ನನ್ನ ಆಯುಷ್ಯದ ಬಹುಭಾಗ ಕಳೆದೆ. ಬಾಕ್ಸಿಂಗ್ ಆಡುವವರು ಮೊದಲು ನನ್ನನ್ನು ಗೆಲ್ಲಬೇಕು, ಆಮೇಲೆ ಮನುಷ್ಯರನ್ನು.

ನನ್ನನ್ನು ಹೊಲಿದವನು ದುರಗಪ್ಪ. ಹದ ಮಾಡಿದ ಎಮ್ಮೆಯ ತೊಗಲು, ಮೇಣ ಸವರಿದ ದಾರ, ಕೈಯಲ್ಲೊಂದು ದಬ್ಬಣ. ಒಂದೊಂದು ಹೊಲಿಗೆಗೂ ‘ಶಿವಾ’ ಎನ್ನುತ್ತಿದ್ದ. ವರ್ಕ್‌ಶಾಪಿನ ಹಳೆಯ ಅರಿವೆಯ ಚಿಂದಿ, ಕಟ್ಟಿಗೆಯ ಹೊಟ್ಟು ತುಂಬಿ ಬಾಯಿ ಮುಚ್ಚುವ ಮುನ್ನ ಒಳಗೆ ಬಗ್ಗಿ ಹೇಳಿದ: “ಹೊಡದವರ ಕೈ ಮುರೀಬಾರದು, ನೀ ಹರೀಬಾರದು. ಅಷ್ಟ ನೋಡ್ಕೊ.” ನನಗೆ ಸಿಕ್ಕ ದೀಕ್ಷೆ ಅದೊಂದೇ.

ನನ್ನ ಬೆನ್ನ ಹಿಂದಿನ ಗೋಡೆಯಾಚೆ ಒಂದು ಮಠ. ಶ್ರಾವಣ ಬಂತೆಂದರೆ ಅಲ್ಲಿ ಪುರಾಣ ಹಚ್ಚುತ್ತಿದ್ದರು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ನಾನು ಅಲುಗಾಡದೆ ನಿಂತು ಕೇಳುತ್ತಿದ್ದೆ. ಒಬ್ಬರು ಪದ್ಯ ಹಾಡುವುದು, ಇನ್ನೊಬ್ಬರು ಅರ್ಥ ಬಿಡಿಸುವುದು. ಒಬ್ಬ ವೀರನ ಪ್ರಸಂಗ ಬಂದರೆ ‘ಇವನಿಗೆ ಸಮಾನರು ಹುಟ್ಟಿಲ್ಲ’ ಎಂದು ಹಾಡುವರು. ಮರುದಿನ ಮತ್ತೊಬ್ಬನ ಪ್ರಸಂಗ, ಅವನಿಗೂ ಅದೇ ಮಾತು. ಕೇಳುವ ಜನ ಎರಡೂ ದಿನ ತಲೆದೂಗಿ, ಕಣ್ಣೊರೆಸಿಕೊಂಡು ಹೋಗುವರು. ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ನನ್ನ ಮೊದಲ ಚಾಂಪಿಯನ್ ಎಂಜಿನ್ ಡ್ರೈವರ್ ಆಂಟೋನಿ. ಹೆವಿವೇಟ್ ಹೌದೋ ಅಲ್ಲವೋ ಎಂದು ಅವನನ್ನು ಪಾರ್ಸೆಲ್ ಆಫೀಸಿನ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರಂತೆ. ಉದ್ದನೆಯ ಎಡಗೈ ಅವನದು, ಸಿಗ್ನಲ್ ಕೈಯ ಹಾಗೆ. ಅವನ ನಂತರ ಫೈರ್‌ಮನ್ ಖಾದರಸಾಬ. ದಿನವಿಡೀ ಸಲಿಕೆಯಿಂದ ಕಲ್ಲಿದ್ದಲು ಎತ್ತಿ ಬೆಂಕಿಗೆ ಹಾಕಿದ ತೋಳು. ಏಟು ಕೆಳಗಿನಿಂದ ಮೇಲಕ್ಕೆ ಬರುತ್ತಿತ್ತು. ಮೂರನೆಯವನು ಯಮನಪ್ಪ, ಬಾಯ್ಲರ್ ಶಾಪಿನ ಸುತ್ತಿಗೆಯವನು. ಅವನು ಹೊಡೆದರೆ ನಾನು ಹಾರಿಹೋಗಿ ತೊಲೆಗೆ ಬಡಿಯುತ್ತಿದ್ದೆ. ಆ ಸದ್ದು ಕೇಳಲೆಂದೇ ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ಕಾಲದಲ್ಲಿ ಗ್ಲೋವ್ಸ್ ತೆಳುವು, ರೌಂಡುಗಳು ಬಹಳ, ತಲೆಗೆ ಯಾವ ಕಾಪೂ ಇಲ್ಲ. ಯಮನಪ್ಪ ಮೂಗು ಒಡೆದುಕೊಂಡು ಗೆದ್ದು ಬಂದ ದಿನ ನನ್ನನ್ನು ತಬ್ಬಿ ನಿಂತಿದ್ದ. ಅವನ ರಕ್ತದ ಕಲೆ ನನ್ನ ಮೈಮೇಲೆ ಬಹುಕಾಲ ಇತ್ತು. ನಾನದನ್ನು ವಿಭೂತಿಯಂತೆ ಧರಿಸಿದ್ದೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಗುದ್ದು ತಿಂದು ತಿಂದು ನನ್ನೊಳಗಿನ ಚಿಂದಿ ಕೆಳಗಿಳಿದು ಬುಡ ಕಲ್ಲಾಗುತ್ತದೆ, ಮೇಲ್ಭಾಗ ಪೊಳ್ಳಾಗುತ್ತದೆ. ಅದಕ್ಕೆ ಶ್ರಾವಣಕ್ಕೆ ಮುಂಚೆ ಹೊಲಿಗೆ ಬಿಚ್ಚಿ, ಎಲ್ಲ ತೆಗೆದು ಬಡಿದು, ಮತ್ತೆ ತುಂಬುತ್ತಾರೆ. ಚಾಂಪಿಯನ್ ಆದವನು ಆಗ ತನ್ನ ಕೈಪಟ್ಟಿಯನ್ನು, ಅಂದರೆ ಗ್ಲೋವ್ಸಿನೊಳಗೆ ಕೈಗೆ ಸುತ್ತಿಕೊಳ್ಳುವ ಬಟ್ಟೆಯನ್ನು, ನನ್ನ ನಡುಭಾಗದಲ್ಲಿ ಇಡಬೇಕು. ಮುಂದಿನವರು ಅವನ ಮೇಲೆ ಕೈ ಪಳಗಿಸಬೇಕು. ಹೀಗೆ ಮೂವರು ನನ್ನ ಎದೆಯಲ್ಲಿ ಸೇರಿದ್ದರು.

ನಾಲ್ಕನೆಯದು ಬರಲಿಲ್ಲ. ಯಮನಪ್ಪ ನಿವೃತ್ತನಾಗಿ, ಹುಡುಗರಿಗೆ ಆಟ ಕಲಿಸುವ ವಸ್ತಾದನಾಗಿ, ವ್ಯಾಯಾಮಶಾಲೆಯ ಕೀಲಿಕೈ ಹಿಡಿದ. ಆಮೇಲೆ ಗೆದ್ದು ಬಂದವರಿಗೆಲ್ಲ ಅವನದು ಒಂದೇ ಮಾತು: “ಮೂರು ರೌಂಡ ಕುಣದು ಬರೂದು ಆಟ. ಚೀಲದಾಗ ಪಟ್ಟಿ ಇಡಾಕ ಅದು ಸಾಲಂಗಿಲ್ಲ.”

ಕೊನೆಗೆ ಸೋಮನಿಂಗ ಬಂದ. ಡೀಸೆಲ್ ಶೆಡ್ಡಿನ ನೌಕರ, ಗುಡ್ಡದಂಥ ಆಳು. ಆದರೆ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಗ್ಗ ಜಿಗಿಯುವನು, ತೂಕ ನೋಡಿಕೊಳ್ಳುವನು, ತಾನು ಆಡಿದ್ದನ್ನು ಮೊಬೈಲಿನಲ್ಲಿ ನೋಡಿ ತಿದ್ದಿಕೊಳ್ಳುವನು. ಅವನು ಹೊಡೆದರೆ ನಾನು ತೂಗುತ್ತಲೇ ಇರಲಿಲ್ಲ.

ಬೆಂಚಿನ ಮೇಲೆ ಕೂರುತ್ತಿದ್ದ ನಿವೃತ್ತ ಫಿಟ್ಟರ್ ಗುರುಪಾದಪ್ಪನಿಗೆ ಅದು ನಿತ್ಯದ ನಗೆಯಾಯಿತು.

“ತಮ್ಮಾ, ಸೊಳ್ಳಿ ಹೊಡಿಯಾಕತ್ತೀಯೇನು? ನಮ್ಮ ಯಮನಪ್ಪ ಹೊಡದ್ರ ಚೀಲ ತೊಲಿಗೆ ಬಡೀತಿತ್ತು. ನೀ ಹೊಡದ್ರ ಎಮ್ಮಿ ನಿಂತಂಗ ನಿಂತೈತಿ.”

“ಎಮ್ಮಿ ತೊಗಲ ಐತಲ್ರಿ ಕಾಕಾ, ಅದಕ್ಕ,” ಎಂದ ಸೋಮನಿಂಗ.

ಜನ ನಕ್ಕರು. ನಾನು ನಗಲಿಲ್ಲ. ನಾನು ತೂಗದಿದ್ದದ್ದೇಕೆಂದು ನನಗೊಬ್ಬನಿಗೇ ಗೊತ್ತಿತ್ತು. ಯಮನಪ್ಪನ ಏಟು ನನ್ನನ್ನು ಹೊತ್ತುಕೊಂಡು ಹೋಗುತ್ತಿತ್ತು. ಸೋಮನಿಂಗನ ಏಟು ನನ್ನನ್ನು ಇದ್ದಲ್ಲೇ ಬಿಟ್ಟು ಒಳಗೆ ಹೋಗುತ್ತಿತ್ತು. ನಡುವಿನಲ್ಲಿದ್ದ ಆ ಮೂರು ಪಟ್ಟಿಗಳೂ ಬೆಚ್ಚುವಷ್ಟು ಒಳಗೆ.

ಆ ವರ್ಷ ಸೋಮನಿಂಗ ರಾಜ್ಯದ ಹೆವಿವೇಟ್ ಪದಕ ಗೆದ್ದ. ನನ್ನನ್ನು ಬಿಚ್ಚಬೇಕಾದ ದಿನ ತನ್ನ ಕೈಪಟ್ಟಿ ಒಗೆದು, ಮಡಚಿ ತಂದ. ಪದಕವನ್ನು ಅವನು ಯಾರಿಗೂ ತೋರಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ನನ್ನೊಳಗಿನ ಆ ಅಂಗೈಯಗಲ ಜಾಗ.

“ತೊಲಿ ಮುಟ್ಟಿಸು. ಆಮ್ಯಾಲ ಪಟ್ಟಿ ಇಡು,” ಎಂದ ಯಮನಪ್ಪ.

“ದಬ್ಬಿದ್ರ ಮುಟ್ಟತೈತ್ರಿ ವಸ್ತಾದ್ರ. ಹೊಡದ್ರ ಮುಟ್ಟೂದಿಲ್ಲ.”

ಮಾತು ಬಾಯಿಂದ ಬಿದ್ದ ಮೇಲೆ ಸೋಮನಿಂಗನಿಗೇ ಅದರ ಅರ್ಥ ತಿಳಿದಂತಿತ್ತು. ಯಮನಪ್ಪ ಕುರ್ಚಿಯಿಂದ ಎದ್ದ.

“ಅಂದ್ರ ನಾ ಅಷ್ಟು ವರ್ಷ ದಬ್ಬತಿದ್ನೇನಲೇ?”

“ಹಂಗಲ್ರಿ. ನಿಮ್ಮದು ಸುತ್ತಿಗಿ ಏಟು, ತಗಡ ಮಣಿಯೂತನಾ ಹೋಗತೈತಿ. ನನ್ನದು ಬ್ಯಾರೆ ಐತಿ. ಬೇಕಂದ್ರ ಹಿಂದ ನಿಂತು ಚೀಲ ಹಿಡೀರಿ.”

“ಏ ಹುಚ್ಚಪ್ಯಾಲಿ!” ಗುರುಪಾದಪ್ಪ ಕೂಗಿದ. “ವಸ್ತಾದಗ ಚೀಲ ಹಿಡಿ ಅಂತಿಯೇನು?”

ಚೀಲ ಹಿಡಿಯುವುದು ಹೊಸಬರ ಕೆಲಸ. ಚಾಂಪಿಯನ್ ಆದ ಮೇಲೆ ಆಂಟೋನಿ ಹಿಡಿದಿರಲಿಲ್ಲ, ಖಾದರಸಾಬ ಹಿಡಿದಿರಲಿಲ್ಲ. ಆದರೂ ಯಮನಪ್ಪ ನನ್ನ ಹಿಂದೆ ಬಂದು ನಿಂತ. ಎರಡು ಕೈಯಿಂದ ನನ್ನನ್ನು ತಬ್ಬಿ, ಕೆನ್ನೆ ಒತ್ತಿ, ಭುಜ ಕೊಟ್ಟ. ಅವನ ಎದೆ ಬಡಿದುಕೊಳ್ಳುವುದು ನನಗೆ ಕೇಳುತ್ತಿತ್ತು.

ಸೋಮನಿಂಗ ಹೊಡೆದ. ನಾನು ತೂಗಲಿಲ್ಲ. ಆದರೆ ನನ್ನ ಮೂಲಕ ಹಾದ ಏಟು ಯಮನಪ್ಪನ ಪಕ್ಕೆಗೆ ಮುಟ್ಟಿತು. ಅವನ ಉಸಿರು ‘ಹಕ್’ ಎಂದಿತು. ಕಾಲು ಅಗಲಿಸಿ ಗಟ್ಟಿಯಾಗಿ ನಿಂತ.

“ಇನ್ನೊಂದು ಹೊಡಿ.”

ಎರಡನೆಯದಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಮೂರನೆಯದಕ್ಕೆ ನನ್ನನ್ನು ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಸೋಮನಿಂಗ ಗಾಬರಿಯಿಂದ ಓಡಿಬಂದು ಕೈ ಚಾಚಿದ. ಮುದುಕ ಆ ಕೈ ಹಿಡಿದು ಹೊರಳಿಸಿ, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

“ಏನಾತೋ ಯಮನಪ್ಪಾ?” ಗುರುಪಾದಪ್ಪ ಕೇಳಿದ.

“ಏನಾಗೂದೈತಿ? ಮೊದಲನೇ ರೌಂಡಿನ್ಯಾಗ ಇಂವಾ ನನ್ನ ಕೈಗೆ ಸಿಗಲಿಲ್ಲಂದ್ರ, ಎರಡನೇದ್ರಾಗ ನನ್ನ ಮಲಗಸ್ತಾನ.”

“ಮೊದಲನೇದ್ರಾಗ ಸಿಗೂದಿಲ್ಲ ಬಿಡ್ರಿ ವಸ್ತಾದ್ರ.”

“ಸಿಕ್ಕಿದ್ರ?”

“ಸಿಕ್ಕಿದ್ರ ನನ್ನನ್ನ ನಾಲ್ಕು ಮಂದಿ ಮನಿಗೆ ಹೊತ್ಕೊಂಡು ಹೋಗಬೇಕ್ರಿ.”

ಯಮನಪ್ಪ ಪಕ್ಕೆ ಹಿಡಿದುಕೊಂಡೇ ನಕ್ಕ. ಆಮೇಲೆ ತಾನೇ ನನ್ನ ಹೊಲಿಗೆ ಬಿಚ್ಚಿದ. ಮೂರು ಪಟ್ಟಿಗಳನ್ನು ಹೊರತೆಗೆದು, ಹೊಟ್ಟು ಕೊಡವಿ, ನಾಲ್ಕನೆಯದನ್ನು ತನ್ನ ಪಟ್ಟಿಗೆ ತಾಗಿಸಿ ಇಟ್ಟ.

ಅಂದಿನಿಂದ ಪದ್ಧತಿಗೆ ಇನ್ನೊಂದು ನಿಯಮ ಸೇರಿತು. ಹೊಸ ಚಾಂಪಿಯನ್ನನ ಪಟ್ಟಿ ಇಡುವ ಮುನ್ನ ಹಳೆಯವನು ಚೀಲ ಹಿಡಿಯಬೇಕು. ಬೆಂಚಿನ ಮೇಲೆ ಆಗಿನವರು ಹೆಚ್ಚೋ ಈಗಿನವರು ಹೆಚ್ಚೋ ಎಂಬ ಜಗಳ ನಿಂತಿತೆಂದು ತಿಳಿಯಬೇಡಿ. ನಡೆದೇ ಇದೆ. ಯಾರಾದರೂ ನನ್ನನ್ನು ಕೇಳಿದರೆ ಹೇಳುತ್ತೇನೆ: ಆಗಿನವರ ಏಟು ಗೋಡೆ ಬಿದ್ದಂತೆ, ಈಗಿನವರದು ಮೊಳೆ ಹೊಡೆದಂತೆ. ಗೋಡೆಯ ಕೆಳಗೆ ಸಿಕ್ಕಿ ಏಳುವುದು ಕಷ್ಟ, ಎದೆಗೆ ನಾಟಿದ ಮೊಳೆ ಕೀಳುವುದೂ ಕಷ್ಟ. ಎರಡನ್ನೂ ತಿಂದು ಹರಿಯದೆ ಉಳಿದವನು ನಾನು. ಅದು ನನ್ನ ಹೆಮ್ಮೆ, ಶಿವ ಕ್ಷಮಿಸಲಿ.

ಈಗ ಯಮನಪ್ಪನಿಲ್ಲ. ತೊಲೆಗೆ ರೆಕ್ಸಿನ್ನಿನ ಹೊಸ ಚೀಲಗಳು ಬಂದಿವೆ. ನನ್ನನ್ನು ಇಳಿಸಿ, ಮಠದ ಗೋಡೆಯ ಮೂಲೆಗೆ ಒರಗಿಸಿದ್ದಾರೆ. ತೊಗಲು ಬಿರಿದಿದೆ, ಪುರಾಣ ಮಾತ್ರ ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ. ವಸ್ತಾದನ ಕುರ್ಚಿಯಲ್ಲಿ ಸೋಮನಿಂಗ ಕೂರುತ್ತಾನೆ, ಮೀಸೆ ಬೆಳ್ಳಗಾಗಿದೆ.

ಮೊನ್ನೆ ಕಸ ಹೊಡೆಯುವ ಫಕೀರವ್ವ ನನ್ನನ್ನು ಪಕ್ಕಕ್ಕೆ ಸರಿಸಲು ನೋಡಿದಳು. ನಾನು ಅಲುಗಲಿಲ್ಲ.

“ಯವ್ವಾ, ಎಷ್ಟು ವಜ್ಜಿ ಐತ್ರಿ ಇದು! ಏನ ತುಂಬೀರಿ ಇದರಾಗ?”

ಸೋಮನಿಂಗ ಎದ್ದು ಬಂದು, ಬಗ್ಗಿ, ಇನ್ನೊಂದು ತುದಿಗೆ ಕೈ ಹಾಕಿದ.

“ಸಾವಕಾಶ ಎತ್ತವ್ವಾ. ಆಂಟೋನಿ ಅದಾನ, ಖಾದರಸಾಬ ಅದಾನ, ನಮ್ಮ ವಸ್ತಾದ್ರು ಅದಾರ. ಮಗ್ಗಲದಾಗ ಸ್ವಲ್ಪ ನಾನೂ ಅದೀನಿ.”