ಗದಿಗೆಮ್ಮನ ಹೂಂ

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಪೈಪೋಟಿಗೆ ಬಿದ್ದು ಮೇಲೇಳುತ್ತಿದ್ದ ಕಾಲ ಅದು. ಅಷ್ಟೆತ್ತರಕ್ಕೆ ಹತ್ತಿ ದುಡಿಯುವವರಿಗೆ ಸೊಂಟದ ಬೆಲ್ಟು, ತಲೆಗೊಂದು ಹೆಲ್ಮೆಟ್ಟು ಸಿಗುತ್ತದೆಯೇ ಎಂಬುದೇ ಸ್ನೇಹಲತಾಳ ಪಿಎಚ್‌ಡಿಯ ವಿಷಯ. ಅದೇ ಊರಿನ ದಿಲ್‌ಸುಖ್‌ನಗರದ ಮನೆಯಲ್ಲಿ ಕಲಬುರಗಿಯ ಮಾತು ಆಡಿಕೊಂಡು ಬೆಳೆದವಳು. ಯಾದಗಿರಿ ಕಡೆಯಿಂದ ಅಲ್ಲಿಗೆ ದುಡಿಯಲು ಬಂದ ಕೂಲಿಯವರನ್ನು ಕೇಳುವುದೇನು ಮಹಾ ಅಂದುಕೊಂಡಳು. ಕೇಳಿದಳು. ಹೆಚ್ಚುಕಡಿಮೆ ಎಲ್ಲರೂ "ಹೂಂ" ಅಂದರು.

ಅವಳ ಗೈಡ್ ಸೂರ್ಯಕಾಂತ ಸರ್ ಹಿಗ್ಗಿಹೋದರು. "ಭಾಳ ಛಲೋ ಆತು. ಎಲ್ಲಾರಿಗೂ ಬೆಲ್ಟ್ ಸಿಗ್ತೈತಿ ಅಂತ ಬರಿ, ಜಲ್ದಿ ಛಾಪಾ ಮಾಡಿಸು."

"ಸರ್, ನಾ ನೋಡಿದಾಗ ಮಂದಿ ಬೆಲ್ಟಿಲ್ಲದ, ಬರೇ ತಲೀಲೇ ಇದ್ರಲ್ರಿ..."

"ನೀ ಕಂಡಿದ್ದಕ್ಕೇನು ಕಿಮ್ಮತ್ತು? ಅವರ ಅಂದಾರಲ್ಲ!"

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಆ ವರ್ಷ ವಿಶ್ವವಿದ್ಯಾಲಯ ಹೊಸ ಪದ್ಧತಿ ತಂದಿತ್ತು. ಸಂಶೋಧನೆ ಅಚ್ಚಿಗೆ ಹೋಗುವ ಮೊದಲು ಪರಿಶೀಲನಾ ಸಮಿತಿಯವರೊಬ್ಬರು ಅದು ನಡೆದ ಜಾಗಕ್ಕೇ ಬಂದು, ಅದೇ ಜನರಲ್ಲಿ ಕೆಲವರನ್ನು ಮತ್ತೆ ಕೇಳುತ್ತಿದ್ದರು. ತಾಳೆಯಾಗದಿದ್ದರೆ ಖೋಟಾ ಅನ್ನುತ್ತಾರೆ, ಪಿಎಚ್‌ಡಿ ಖತಂ. ಕ್ಯಾಂಟೀನಿನ ತುಂಬ ಇದೇ ಮಾತು.

ಸಮಿತಿಯಿಂದ ಬಂದವರು ಉಷಾ ಮೇಡಂ, ರಾಯಚೂರಿನವರು. ಸ್ನೇಹಲತಾ ಅವರನ್ನು ಮಣಿಕೊಂಡದ ಕೂಲಿಯವರ ತಗಡಿನ ಶೆಡ್ಡಿಗೆ ಕರೆದೊಯ್ದಳು; ಅದರ ಮುಂದೆ ಗದಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಂಡ ಹುಲಗೇಶ ಗೋಡೆಗೊರಗಿ ಬೀಡಿ ಸೇದುತ್ತಿದ್ದ. ಇಬ್ಬರೂ ಮಾದಾಪುರದ ಎತ್ತರದ ಕಟ್ಟಡವೊಂದರಲ್ಲೇ ಕೆಲಸಕ್ಕಿದ್ದರು.

"ಮ್ಯಾಲ ಹತ್ತುವಾಗ ನಿಮಗ ಬೆಲ್ಟ್ ಕೊಡ್ತಾರೇನವಾ?" ಉಷಾ ಕೇಳಿದರು.

"ಹೂಂ," ಅಂದಳು ಗದಿಗೆಮ್ಮ, ರೊಟ್ಟಿ ತಿರುವುತ್ತ.

ತಾಳೆಯಾಯಿತೆಂದು ಸ್ನೇಹಲತಾ ಎದ್ದುನಿಂತಳು. ಉಷಾ ಮಾತ್ರ ಏಳಲಿಲ್ಲ.

"ಅಂದ್ರ, ಕೊಡೂದಿಲ್ಲೇನು?"

"ಹೂಂ."

ಸ್ನೇಹಲತಾ ಮತ್ತೆ ಕೂತಳು. ಉಷಾ ನಕ್ಕುಬಿಟ್ಟರು. "ಯವ್ವಾ, ಅದಕ್ಕೂ ಹೂಂ, ಇದಕ್ಕೂ ಹೂಂ?"

"ಮತ್ತ? ನೀವು ಹೇಳಾಕತ್ತೀರಿ, ನಾ ಕೇಳಾಕತ್ತೀನಿ. ಹೇಳೋರಿಗೆ ಹೂಂಗುಟ್ಟಬೇಕಲ್ರಿ, ಇಲ್ಲಂದ್ರ ಬ್ಯಾಸರಾಗ್ತೈತಿ. ಈ ಅಕ್ಕಾರೂ ಹೋದ ಸಲ ಬಂದು ಭಾಳ ಚಂದ ಹೇಳಿದ್ರು."

"ಮನ್ಯಾಗ ನನಗ ಒಮ್ಮೆರ ಹೂಂ ಅಂದಾಳೇನು ಕೇಳ್ರಿ," ಎಂದ ಹುಲಗೇಶ.

"ನೀ ಕೇಳೂವಂಥಾದ್ದು ಏನರ ಹೇಳಿದ್ರ ಅಂದೇನು!"

"ಹಂಗಾದ್ರ ಬೆಲ್ಟ್?" ಸ್ನೇಹಲತಾ ಕೇಳಿದಳು.

"ಕಂಪನಿ ದೊಡ್ಡ ಸಾಹೇಬ್ರು ಬಂದ ದಿನ ಕಟ್ತಾರ್ರಿ. ಅವರ ಕಾರು ಗೇಟು ದಾಟಿತಂದ್ರ ಬಿಚ್ಚಿಸ್ಕೊಂತಾರ," ಅಂದಳು ಗದಿಗೆಮ್ಮ.

ಕತೆ ಕೇಳುವವರ ಹೂಂ! ಊಟದ ಹೊತ್ತು ಅಜ್ಜಿಯ ತೊಡೆಯ ಮೇಲೆ ಕತೆ ಕೇಳುತ್ತ ತಾನೂ ಅಂದ ಹೂಂ. ಅದನ್ನೇ ಅವಳು ಹೌದು ಎಂದು ಎಣಿಸಿದ್ದಳು.

ಹಿಂತಿರುಗುವಾಗ ಆಟೋದಲ್ಲಿ ಅವಳು ತಲೆ ಎತ್ತಲಿಲ್ಲ. "ಖೋಟಾ ಅಂತ ಬರಿತೀರೇನ್ರಿ, ಮೇಡಂ?"

"ಹುಚ್ಚಿ, ನಾವೇನು ಪೊಲೀಸರೇನು? ಖೋಟಾ ಅಂದ್ರ ಇಲ್ಲದ್ದನ್ನ ಹುಟ್ಟಸೂದು. ನೀ ಕೇಳೀದಿ, ಕೇಳೂದು ತಪ್ಪೀದಿ, ಅಷ್ಟ. ಛಾಪಾ ಆಗಿದ್ರ ಆ ಸಾಹೇಬ್ರು ಅದನ್ನ ಕಟ್ಟು ಹಾಕಿಸಿ ಗೋಡಿಗೆ ತೂಗುಹಾಕ್ತಿದ್ರು. ಆಮ್ಯಾಲ ಗದಿಗೆಮ್ಮ ಬಿದ್ದಿದ್ರೂ, ಬೆಲ್ಟ್ ಇದ್ದಿದ್ದಿಲ್ಲಂತ ಯಾರೂ ನಂಬ್ತಿದ್ದಿಲ್ಲ. ಆ ಪೇಪರ್ ತಡೀತೀನಿ. ನಿಮ್ಮ ಸರ್‌ಗೆ ನಾನ ಹೇಳ್ತೀನಿ. ನಿನಗ ಇನ್ನೊಂದು ವರ್ಷ ಕೊಡಸ್ತೀನಿ, ಫೆಲೋಶಿಪ್ ನಿಲ್ಲೂದಿಲ್ಲ. ಆದ್ರ ಎಲ್ಲಾರನ್ನೂ ಮತ್ತ ಮಾತಾಡಸಬೇಕು. ಕೊಡ್ತಾರೇನು ಅಂತಲ್ಲ, ಎಲ್ಲೈತಿ ತೋರಸ್ರಿ ಅಂತ ಕೇಳು."

ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ತನ್ನ ಕಣ್ಣು ಕಂಡದ್ದೇ ನಿಜ; ಇನ್ನು ಅದಕ್ಕೆ ವಿರುದ್ಧವಾಗಿ ಬರೆಯಬೇಕಿಲ್ಲ. ಅಳು ಬರುವುದರ ಬದಲು ಅವಳಿಗೆ ವಿಪರೀತ ಹಸಿವಾಯಿತು.

"ಹೂಂ," ಅಂದಳು.

ಉಷಾ ಅವಳ ಕಡೆ ತಿರುಗಿದರು. "ಇದು ಯಾವ ಹೂಂ, ಯವ್ವಾ?"

"ಹೌದು ಅನ್ನೂ ಹೂಂ ರೀ, ಮೇಡಂ."